ಇಸ್ತಾಂಬುಲ್‌ನಲ್ಲಿ ಊಟಕ್ಕೆ ಎಲ್ಲಿಗೆ ಹೋಗಬೇಕು: ಲೊಕಾಂತಗಳಿಂದ ಬಕ್ಲಾವದವರೆಗೆ

ಇಸ್ತಾಂಬುಲ್‌ಗೆ ಹೊರಟವರು ಊಟದ ವಿಷಯದಲ್ಲಿ ಮೊದಲು ಕೇಳುವುದು ಒಳ್ಳೆಯ ಕಬಾಬ್ ಎಲ್ಲಿ ಸಿಗುತ್ತದೆ ಎಂದು. ಕಬಾಬ್ ಆ ಊರಿನಲ್ಲಿ ಚೆನ್ನಾಗಿಯೇ ಸಿಗುತ್ತದೆ, ಅದರ ಬಗ್ಗೆ ಮುಂದೆ ಬರೆದಿದ್ದೇನೆ. ಆದರೆ ತುರ್ಕಿಯ ಅಡುಗೆ ಎಷ್ಟು ದೊಡ್ಡದು, ಎಷ್ಟು ಬಗೆಯದು ಎಂಬುದನ್ನು ತಿಳಿಯಬೇಕೆನ್ನುವವರು ಮಧ್ಯಾಹ್ನ ಹನ್ನೆರಡೂವರೆ ಗಂಟೆಗೆ ಒಂದು ಹಳೆಯ ಲೊಕಾಂತದ ಬಾಗಿಲಲ್ಲಿ ನಿಂತಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೊಕಾಂತ ಎಂದರೆ ಅಂಗಡಿಯವರು, ಗುಮಾಸ್ತರು, ಕುಶಲಕರ್ಮಿಗಳು ಮಧ್ಯಾಹ್ನ ಬಂದು ಉಣ್ಣುವ ಊಟದ ಮನೆ. ಬೆಳಗ್ಗೆಯಿಂದ ನಿಧಾನವಾಗಿ ಬೇಯಿಸಿದ ಹತ್ತಾರು ಪದಾರ್ಥಗಳನ್ನು ದೊಡ್ಡ ತಟ್ಟೆಗಳಲ್ಲಿ ಗಾಜಿನ ಹಿಂದೆ ಜೋಡಿಸಿ ಇಟ್ಟಿರುತ್ತಾರೆ. ಗಿರಾಕಿ ಅಲ್ಲಿಗೆ ಹೋಗಿ, ಕಣ್ಣಾರೆ ನೋಡಿ, ಬೇಕಾದದ್ದನ್ನು ಬೆರಳು ತೋರಿಸಿ ಹೇಳುತ್ತಾನೆ. ಭಾಷೆ ಬಾರದವರಿಗೆ ಇದಕ್ಕಿಂತ ಅನುಕೂಲವಾದ ಪದ್ಧತಿ ಇಲ್ಲ. ಸಂಜೆಯ ಹೊತ್ತಿಗೆ ಒಳ್ಳೆಯ ಪದಾರ್ಥಗಳು ಖಾಲಿಯಾಗಿ ಉಳಿದವು ಸೊರಗಿರುತ್ತವೆ. ಆದ್ದರಿಂದಲೇ ಮಧ್ಯಾಹ್ನ ಎಂದು ಒತ್ತಿ ಹೇಳುತ್ತಿದ್ದೇನೆ.

ಈ ಬಗೆಯ ಊಟದ ಮನೆಗಳಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವ ಹೆಸರು ಉಸ್ಕುದಾರ್‌ನಲ್ಲಿರುವ ಕನಾತ್ ಲೊಕಾಂತಸಿ. ಉಸ್ಕುದಾರ್ ಇರುವುದು ನಗರದ ಏಷ್ಯಾ ದಡದಲ್ಲಿ. 2013ರಲ್ಲಿ ಆರಂಭವಾದ ಮರ್ಮರಾಯ್ ರೈಲು ಯುರೋಪ್ ದಡದ ಸಿರ್ಕೆಜಿಯಿಂದ ಸಮುದ್ರದ ಅಡಿಯಲ್ಲೇ ಹಾದು ಒಂದೇ ನಿಲ್ದಾಣದಲ್ಲಿ ಅಲ್ಲಿಗೆ ತಲುಪಿಸುತ್ತದೆ. ಆದರೂ ಎಮಿನೊನ್ಯು ದಡದಿಂದ ದೋಣಿಯಲ್ಲಿ ಹೋಗುವುದೇ ಮೇಲು, ಏಕೆಂದರೆ ಇಳಿದ ಕೂಡಲೇ ಕೆಲವೇ ನಿಮಿಷ ನಡೆದರೆ ಊಟದ ಮನೆ ಸಿಗುತ್ತದೆ, ಸಮುದ್ರದ ಗಾಳಿಗೆ ಹಸಿವೂ ಚೆನ್ನಾಗಿ ಆಗಿರುತ್ತದೆ. 1933ರಲ್ಲಿ ಶುರುವಾದ ಈ ಲೊಕಾಂತದಲ್ಲಿ ಮದ್ಯ ಇಲ್ಲ, ಅಲಂಕಾರವೂ ಹೆಚ್ಚಿಲ್ಲ. ಬಿಳಿ ಅಂಗಿಯ ಮಾಣಿಗಳು, ಹಲವು ತಲೆಮಾರುಗಳಿಂದ ಬರುತ್ತಿರುವ ಕುಟುಂಬಗಳು, ಒಬ್ಬರೇ ಕುಳಿತು ಸೂಪು ಕುಡಿಯುವ ವೃದ್ಧರು, ಇವರೇ ಅಲ್ಲಿನ ವಾತಾವರಣ. ಒಳಗೆ ಕಾಲಿಟ್ಟ ಮೇಲೆ ಕುರ್ಚಿ ಹುಡುಕುವ ಮೊದಲು ಗಾಜಿನ ಪೆಟ್ಟಿಗೆಗಳನ್ನು ಒಂದು ಸುತ್ತು ನೋಡಿ ಬರಬೇಕು: ಒಂದರಲ್ಲಿ ತಣ್ಣನೆಯ ತರಕಾರಿಗಳು, ಇನ್ನೊಂದರಲ್ಲಿ ಬಿಸಿ ಪದಾರ್ಥಗಳು, ಮತ್ತೊಂದರಲ್ಲಿ ಸಿಹಿ.

ತಣ್ಣನೆಯ ತರಕಾರಿಗಳ ಪೆಟ್ಟಿಗೆಯೇ ಈ ಅಡುಗೆಯ ಅತ್ಯುತ್ತಮ ಭಾಗ ಎಂದು ನಾನು ನಂಬಿದ್ದೇನೆ. ಜೇತಿನ್‌ಯಾಲಿ ಎಂದು ಕರೆಯುವ ಈ ವರ್ಗದ ಪದಾರ್ಥಗಳನ್ನು ಆಲಿವ್ ಎಣ್ಣೆಯಲ್ಲಿ, ಸ್ವಲ್ಪವೇ ನೀರು ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಪಾತ್ರೆಯಲ್ಲೇ ಆರಲು ಬಿಟ್ಟು, ತಣ್ಣಗೆ ಬಡಿಸುತ್ತಾರೆ. ಹುರುಳಿಕಾಯಿಗೆ ಟೊಮೆಟೊ ಮತ್ತು ಈರುಳ್ಳಿ, ಲೀಕ್ ದಂಟಿಗೆ ಕ್ಯಾರೆಟ್ ಮತ್ತು ಒಂದಿಷ್ಟು ಅಕ್ಕಿ, ಬಾರ್ಬುನ್ಯಾ ಎಂಬ ಮಚ್ಚೆಯ ಕಾಳಿಗೆ ಬೆಳ್ಳುಳ್ಳಿ, ಹೀಗೆ ಪ್ರತಿಯೊಂದಕ್ಕೂ ಅದರದೇ ಜೊತೆ ಇದೆ. ಬೇಯಿಸುವಾಗ ಚಿಟಿಕೆ ಸಕ್ಕರೆಯನ್ನೂ ಹಾಕುವುದುಂಟು. ವಸಂತದಲ್ಲಿ ಹೋದವರು ಎಂಗಿನಾರ್ ಅನ್ನು ಬಿಡಬಾರದು. ಅದು ಆರ್ಟಿಚೋಕ್ ಎಂಬ ಮುಳ್ಳುಗಿಡದ ಮೊಗ್ಗಿನ ತಳಭಾಗ. ಆ ತಿಂಗಳುಗಳಲ್ಲಿ ಮಾರುಕಟ್ಟೆಯ ಬದಿಯಲ್ಲಿ ಕುಳಿತವರು ಮೊಗ್ಗಿನ ಎಸಳುಗಳನ್ನೆಲ್ಲ ಚಾಕುವಿನಿಂದ ಕತ್ತರಿಸಿ ತೆಗೆದು, ಬಟ್ಟಲಿನಾಕಾರದ ತಳವನ್ನು ಮಾತ್ರ ಉಳಿಸಿ, ಕಪ್ಪಾಗದಂತೆ ನಿಂಬೆರಸದ ನೀರಿನಲ್ಲಿ ಮುಳುಗಿಸಿಡುವುದನ್ನು ಕಾಣಬಹುದು. ಲೊಕಾಂತದ ತಟ್ಟೆಯಲ್ಲಿ ಅದೇ ಬಟ್ಟಲು ತಿಳಿಹಸಿರಾಗಿ ಬೆಂದು, ಮೇಲೆ ಎಳೆಯ ಫಾವಾ ಕಾಳು ಮತ್ತು ಸಬ್ಬಸಿಗೆ ಸೊಪ್ಪು ಹೊತ್ತು ಬರುತ್ತದೆ. ಚಮಚ ತಾಗಿಸಿದರೆ ಬೆಣ್ಣೆಯಂತೆ ಕತ್ತರಿಸುವ, ಆದರೆ ಬಾಯಲ್ಲಿ ತನ್ನ ಸಣ್ಣ ಕಹಿಯನ್ನು ಉಳಿಸಿಕೊಂಡಿರುವ ಆ ಪದಾರ್ಥ ತಿಂದ ಮೇಲೆ ತುರ್ಕಿಯ ಅಡುಗೆ ಎಂದರೆ ಬರೀ ಮಾಂಸ ಎನ್ನುವ ಮಾತು ನಿಲ್ಲುವುದಿಲ್ಲ.

ನಮ್ಮ ಕಡೆಯಿಂದ ಹೋಗುವವರಲ್ಲಿ ಸಸ್ಯಾಹಾರಿಗಳು ಬಹಳ ಮಂದಿ ಇರುವುದರಿಂದ ಇಲ್ಲಿ ಸ್ವಲ್ಪ ನಿಂತು ವಿವರಿಸುವುದು ಅಗತ್ಯ. ಲೊಕಾಂತದಲ್ಲಿ ಒಂದು ನಿಯಮ ಬಹುಮಟ್ಟಿಗೆ ನಂಬಬಹುದಾದದ್ದು: ತಣ್ಣಗಿದ್ದು ಆಲಿವ್ ಎಣ್ಣೆಯಲ್ಲಿ ಮಾಡಿದ್ದಾದರೆ ಮಾಂಸ ಇರುವುದಿಲ್ಲ, ಬಿಸಿಯಾಗಿದ್ದರೆ ಇರುವ ಸಾಧ್ಯತೆಯೇ ಹೆಚ್ಚು. ಬದನೆಕಾಯಿಯನ್ನು ಸೀಳಿ, ಒಳಗೆ ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ತುಂಬಿದ ಇಮಾಮ್ ಬಾಯಿಲ್ದಿ ತಣ್ಣನೆಯ ಪೆಟ್ಟಿಗೆಯಲ್ಲಿರುತ್ತದೆ. ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುವ ಕಾರ್ನಿಯಾರಿಕ್ ಬಿಸಿ ಪೆಟ್ಟಿಗೆಯಲ್ಲಿರುತ್ತದೆ, ಅದರ ಹೂರಣ ಕೊಚ್ಚಿದ ಮಾಂಸ. ದ್ರಾಕ್ಷಿ ಎಲೆಯ ಸುರುಳಿಗಳದ್ದೂ ಇದೇ ಕಥೆ. ಅಕ್ಕಿ, ಪೈನ್ ಬೀಜ, ಸಣ್ಣ ಕರಿದ್ರಾಕ್ಷಿ ಸೇರಿಸಿ ಸುತ್ತಿದವು ತಣ್ಣಗೆ ನಿಂಬೆಹಣ್ಣಿನ ಜೊತೆಗೆ ಬರುತ್ತವೆ, ಮಾಂಸ ತುಂಬಿದವು ಬಿಸಿಯಾಗಿ ಮೊಸರಿನ ಜೊತೆಗೆ ಬರುತ್ತವೆ. ಬೇಳೆಯ ಸೂಪು ಮತ್ತು ಪಿಲಾವ್ ಅನ್ನವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬಾರದು, ಏಕೆಂದರೆ ಎರಡನ್ನೂ ಮಾಂಸದ ಅಥವಾ ಕೋಳಿಯ ಸಾರಿನಲ್ಲಿ ಬೇಯಿಸುವುದು ಸಾಮಾನ್ಯ. 'ಎತ್ ಸುಯು ವಾರ್ ಮಿ?' ಎಂದರೆ ಮಾಂಸದ ಸಾರು ಹಾಕಿದೆಯೇ ಎಂದು ಕೇಳಿದಂತೆ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಸಿಹಿಯಲ್ಲಿಯೂ ಒಂದು ಅಪಾಯವಿದೆ. ತವುಕ್ ಗೊಕ್ಸು ಎಂಬ ಹಾಲಿನ ಸಿಹಿಗೆ ನೂಲಿನಂತೆ ಎಳೆ ಬಿಡಿಸಿದ ಕೋಳಿಯ ಎದೆಮಾಂಸವನ್ನು ಸೇರಿಸುತ್ತಾರೆ, ತಳ ಸೀದಿಸಿ ಮಾಡುವ ಕಜಾನ್‌ದಿಬಿಯನ್ನೂ ಕೆಲವೆಡೆ ಅದೇ ಮಿಶ್ರಣದಿಂದ ತಯಾರಿಸುತ್ತಾರೆ. ರುಚಿಯಿಂದ ಅದು ಗೊತ್ತಾಗುವುದೇ ಇಲ್ಲ. ಸಸ್ಯಾಹಾರಿಗಳು ಅಕ್ಕಿಯ ಪಾಯಸವಾದ ಸುತ್ಲಾಚ್, ಬಾದಾಮಿಯ ಕೆಶ್ಕುಲ್, ಅಥವಾ ಗೋಧಿ, ಕಡಲೆ, ಒಣಹಣ್ಣುಗಳ ಆಶುರೆಗೆ ನಿಂತುಬಿಡುವುದು ಒಳ್ಳೆಯದು.

ಮಾಂಸ ತಿನ್ನುವವರಿಗೆ ಕನಾತ್‌ನ ಬಿಸಿ ಪೆಟ್ಟಿಗೆಯೂ ದೊಡ್ಡದೇ. ಮೊಸರಿನ ಹೊದಿಕೆಯಡಿ ಬೇಯಿಸಿದ ಕುರಿಮಾಂಸದ ಎಲ್ಬಾಸಾನ್ ತವಾ, ಕ್ಯಾರೆಟ್ ಸೇರಿಸಿದ ಉಜ್ಬೆಕ್ ಪಿಲಾವ್, ಮೂಳೆಯಿಂದ ತಾನೇ ಬಿಡುವ ಕುರಿಯ ತಂದೂರ್ ಇವು ನೆನಪಿಡಬೇಕಾದವು. ಒಂದೊಂದನ್ನೇ ಪೂರ್ತಿ ತೆಗೆದುಕೊಂಡರೆ ಹೊಟ್ಟೆ ಬೇಗ ತುಂಬುತ್ತದೆ. 'ಆಜ್' ಎಂದು ಹೇಳಿದರೆ ಸಣ್ಣ ಪಾಲು ಕೊಡುವುದು ಲೊಕಾಂತಗಳ ರೂಢಿ, ಅದರಿಂದ ನಾಲ್ಕು ಬಗೆಯನ್ನು ನೋಡಬಹುದು. ಕೊನೆಗೆ ಕ್ವಿನ್ಸ್ ಹಣ್ಣನ್ನು ಲವಂಗದ ಜೊತೆ ಕೆಂಪಾಗುವವರೆಗೆ ಬೇಯಿಸಿ ಕಾಯ್ಮಾಕ್ ಎಂಬ ಗಟ್ಟಿ ಕೆನೆ ಇಟ್ಟ ಸಿಹಿ. ಚಳಿಗಾಲವಾದರೆ ಅದನ್ನು ಬಿಟ್ಟು ಬೇರೇನೂ ಕೇಳಬೇಡಿ.

ಎರಡನೆಯ ಹೆಸರು ಕಾದಿಕೊಯ್‌ನ ಚಿಯಾ ಸೊಫ್ರಾಸಿ. ಕಾದಿಕೊಯ್ ಕೂಡ ಏಷ್ಯಾ ದಡದಲ್ಲೇ ಇದೆ, ಚಿಯಾ ಇರುವುದು ಅಲ್ಲಿನ ಮೀನು, ತರಕಾರಿ, ಉಪ್ಪಿನಕಾಯಿ, ಚೀಸ್‌ಗಳ ಅಂಗಡಿಗಳಿಂದ ಕಿಕ್ಕಿರಿದ ಮಾರುಕಟ್ಟೆಯ ನಡುವೆ, ಗುನೆಶ್ಲಿಬಾಹ್ಚೆ ಎಂಬ ಬೀದಿಯಲ್ಲಿ. ಗಾಜಿಯಾಂತೆಪ್ ಸೀಮೆಯ ನಿಜಿಪ್‌ನವರಾದ ಮೂಸಾ ದಾದೆವಿರೆನ್ 1987ರಲ್ಲಿ ಈ ಬೀದಿಯಲ್ಲಿ ಕಬಾಬ್ ಅಂಗಡಿ ತೆರೆದರು. ಆಮೇಲೆ ತುರ್ಕಿಯ ಏಷ್ಯಾ ಭಾಗವಾದ ಅನಾತೋಲಿಯದ ಹಳ್ಳಿಹಳ್ಳಿಗಳಲ್ಲಿ ತಿರುಗಿ, ಮರೆತುಹೋಗುತ್ತಿದ್ದ ಮನೆಯಡುಗೆಗಳನ್ನು ಕೇಳಿ ಬರೆದುಕೊಂಡು, ಅವನ್ನು ತಮ್ಮ ಒಲೆಯ ಮೇಲೆ ಮತ್ತೆ ಬೇಯಿಸತೊಡಗಿದರು. ಆಹಾರ ಮತ್ತು ಸಂಸ್ಕೃತಿಯ ಬಗ್ಗೆ ಒಂದು ಪತ್ರಿಕೆಯನ್ನೂ ಅವರು ಹೊರತರುತ್ತ ಬಂದಿದ್ದಾರೆ. ಹೋಟೆಲು ನಡೆಸುವವರೊಬ್ಬರು ವಿದ್ವಾಂಸರ ಶ್ರದ್ಧೆಯಿಂದ ಇಂಥ ಕೆಲಸ ಮಾಡಿರುವುದು ಯಾವ ದೇಶದಲ್ಲೂ ಅಪರೂಪ, ಮತ್ತು ಆ ಶ್ರದ್ಧೆ ತಟ್ಟೆಯಲ್ಲಿ ಕಾಣುತ್ತದೆ ಎಂಬುದಕ್ಕಾಗಿಯೇ ನಾನು ಚಿಯಾವನ್ನು ಇಷ್ಟು ಗೌರವದಿಂದ ನೋಡುತ್ತೇನೆ. ಅಲ್ಲಿನ ಪದಾರ್ಥಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ, ಆದ್ದರಿಂದ ಇಂಥದ್ದೇ ಬೇಕು ಎಂದು ಪಟ್ಟಿ ಹಿಡಿದು ಹೋಗುವುದರಲ್ಲಿ ಅರ್ಥವಿಲ್ಲ.

ಬಾಗಿಲ ಬಳಿಯಲ್ಲೇ ತಣ್ಣನೆಯ ಪದಾರ್ಥಗಳ ಸಾಲು ಇದೆ. ತಟ್ಟೆಗೆ ಬೇಕಾದಷ್ಟನ್ನು ನಾವೇ ಬಡಿಸಿಕೊಂಡು ಕೊಟ್ಟರೆ ತೂಕ ಹಾಕಿ ಬೆಲೆ ಬರೆಯುತ್ತಾರೆ. ದಾಳಿಂಬೆ ರಸವನ್ನು ಕುದಿಸಿ ಗಟ್ಟಿಮಾಡಿದ ಹುಳಿಪಾಕದಲ್ಲಿ ಕಲಸಿದ ಗೋಧಿ ನುಚ್ಚು, ಬೆಳ್ಳುಳ್ಳಿ ಮೊಸರಿನ ಗೋಣಿ ಸೊಪ್ಪು, ಕಾಡುಸೊಪ್ಪುಗಳ ಪಲ್ಯ, ಅಕ್ರೋಟು ಮತ್ತು ಕೆಂಪು ಮೆಣಸಿನ ಚಟ್ನಿಯಂಥ ಮುಹಮ್ಮರಾ, ಇವುಗಳಲ್ಲೇ ಸಸ್ಯಾಹಾರಿಯ ಊಟ ಮುಗಿಯಬಹುದು. ಒಳಗಿನ ದೊಡ್ಡ ಹಂಡೆಗಳಲ್ಲಿ ಬಿಸಿ ಸಾರುಗಳಿರುತ್ತವೆ. ಹಣ್ಣಿನ ಜೊತೆ ಮಾಂಸ ಬೇಯಿಸುವ ಆಗ್ನೇಯ ಸೀಮೆಯ ಪದ್ಧತಿಯನ್ನು ಇಲ್ಲಿ ತಪ್ಪದೆ ನೋಡಬೇಕು. ಹುಳಿ ಚೆರ್ರಿ, ಕ್ವಿನ್ಸ್, ವಸಂತದಲ್ಲಿ ಲೋಕಾಟ್ ಹಣ್ಣು, ಇವು ಕುರಿಮಾಂಸದ ಕೊಬ್ಬನ್ನು ತಮ್ಮ ಹುಳಿಯಿಂದ ಹಗುರಗೊಳಿಸುತ್ತವೆ. ಪೆರ್ದೆ ಪಿಲಾವಿ ಎಂಬುದು ಕೋಳಿ, ಬಾದಾಮಿ ಸೇರಿದ ಅನ್ನವನ್ನು ಹಿಟ್ಟಿನ ಹಾಳೆಯಲ್ಲಿ ಮುಚ್ಚಿ ಬೇಯಿಸಿದ್ದು, ಸಿಯಿರ್ತ್ ಕಡೆಯ ಮದುವೆಯೂಟ.

ಚಿಯಾದ ಸಿಹಿಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಎಳೆಯ ಬದನೆಕಾಯಿ, ಹಸಿರು ಸಿಪ್ಪೆಯ ಸಮೇತ ಎಳೆ ಅಕ್ರೋಟು, ಟೊಮೆಟೊ, ಆಲಿವ್ ಕಾಯಿ ಇವನ್ನೆಲ್ಲ ಸಕ್ಕರೆ ಪಾಕದಲ್ಲಿ ಇಳಿಸಿರುತ್ತಾರೆ. ಇವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕುಂಬಳಕಾಯಿಯದು. ಸಿಹಿಗುಂಬಳದ ಹೋಳುಗಳನ್ನು ಮೊದಲು ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುತ್ತಾರೆ. ಸುಣ್ಣ ಹೋಳಿನ ಹೊರಮೈಯನ್ನು ಗಟ್ಟಿಗೊಳಿಸುವುದರಿಂದ, ಚೆನ್ನಾಗಿ ತೊಳೆದು ಪಾಕದಲ್ಲಿ ಎಷ್ಟು ಹೊತ್ತು ಕುದಿಸಿದರೂ ಹೋಳು ಕದಡುವುದಿಲ್ಲ. ಕಿತ್ತಳೆ ಬಣ್ಣದ ಗಾಜಿನಂತೆ ಹೊಳೆಯುವ ಹೋಳನ್ನು ಕಚ್ಚಿದರೆ ಹೊರಗೆ ಕರುಮ್ ಎನ್ನುವ ಪದರ, ಒಳಗೆ ರಸ. ಅದರ ಮೇಲೆ ಎಳ್ಳಿನ ತಾಹಿನಿ ಸುರಿದು ಅಕ್ರೋಟಿನ ಪುಡಿ ಉದುರಿಸುತ್ತಾರೆ. ಎಳ್ಳಿನ ಸಣ್ಣ ಕಹಿ ಪಾಕದ ಸಿಹಿಯನ್ನು ಎಷ್ಟು ಬೇಕೋ ಅಷ್ಟೇ ತಗ್ಗಿಸುತ್ತದೆ. ಜೊತೆಗೆ ಥೈಮ್ ಜಾತಿಯ ಜಹ್ತೆರ್ ಎಂಬ ಕಾಡುಸೊಪ್ಪಿನ ಕಷಾಯ ಕೇಳಿ ತರಿಸಿಕೊಳ್ಳಬೇಕು.

ಇನ್ನು ಕಬಾಬ್. ಅದಾನಾ ಕಬಾಬ್‌ನ ಗುಣ ನಿರ್ಧಾರವಾಗುವುದು ಕೆಂಡಕ್ಕೆ ಹೋಗುವ ಮೊದಲೇ. ಕುರಿಯ ಮಾಂಸವನ್ನೂ ಬಾಲದ ಕೊಬ್ಬನ್ನೂ ಜಿರ್ಹ್ ಎಂಬ ಬಾಗಿದ ದೊಡ್ಡ ಕತ್ತಿಯಿಂದ ಕೈಯಲ್ಲೇ ಕೊಚ್ಚಿ, ಉಪ್ಪು ಮತ್ತು ಕೆಂಪು ಮೆಣಸು ಮಾತ್ರ ಬೆರೆಸಿ ಅಗಲವಾದ ಸರಳಿಗೆ ಅಂಟಿಸುತ್ತಾರೆ. ಯಂತ್ರದಲ್ಲಿ ಅರೆದ ಮಾಂಸ ಹಿಟ್ಟಿನಂತಾಗಿ ರಬ್ಬರಿನ ಹದಕ್ಕೆ ಬರುತ್ತದೆ. ಕತ್ತಿಯಿಂದ ಕೊಚ್ಚಿದ್ದರಲ್ಲಿ ಸಣ್ಣ ತುಣುಕುಗಳು ಬಿಡಿಬಿಡಿಯಾಗಿದ್ದು ಅವುಗಳ ನಡುವೆ ಕೊಬ್ಬು ಕರಗುತ್ತದೆ. ಇದನ್ನು ತಿನ್ನಲು ಸರಿಯಾದ ಜಾಗ ಒಜಾಕ್‌ಬಾಶಿ, ಅಂದರೆ ತಾಮ್ರದ ಹೊಗೆಗೂಡಿನಡಿ ಉರಿಯುವ ಕೆಂಡದ ಸುತ್ತಲೇ ಗಿರಾಕಿಗಳು ಕೂರುವ ಊಟದ ಮನೆ. ಬೆಯೊಲು ಭಾಗದಲ್ಲಿ ಜುಬೆಯಿರ್ ಇಂಥ ಜಾಗಗಳಲ್ಲಿ ಹೆಸರಾದದ್ದು. ಎಮಿನೊನ್ಯುವಿನ ಹಮ್ದಿಯಲ್ಲಿ ಪಿಸ್ತಾ ಸೇರಿಸಿದ ಕಬಾಬ್ ಜೊತೆಗೆ ಗೋಲ್ಡನ್ ಹಾರ್ನ್ ಕೊಲ್ಲಿಯ ನೋಟವೂ ಸಿಗುತ್ತದೆ. ಇನ್ನೂ ಸ್ವಲ್ಪ ದೂರ ನಡೆಯಲು ಸಿದ್ಧರಿದ್ದವರು ಫಾತಿಹ್‌ನ ಕಾದಿನ್ಲಾರ್ ಪಜಾರಿಗೆ ಹೋಗಲಿ. ರೋಮನ್ನರ ಕಾಲದ ಮೇಲ್ಗಾಲುವೆಯ ಕಮಾನುಗಳ ಪಕ್ಕದ ಈ ಚೌಕದಲ್ಲಿ ಸಿಯಿರ್ತ್‌ನಿಂದ ಬಂದು ನೆಲೆಸಿದವರು ಕುರಿಯನ್ನು ನೆಲದೊಳಗಿನ ಗುಂಡಿಯೊಲೆಯಲ್ಲಿ ತೂಗುಹಾಕಿ ಬೇಯಿಸಿದ ಬುರ್ಯಾನ್ ಮಾರುತ್ತಾರೆ, ಅದನ್ನು ಬಿಸಿ ರೊಟ್ಟಿಯ ಮೇಲೆ ಹೆಚ್ಚಿ ಕೊಡುತ್ತಾರೆ. ಅದೂ ಬೆಳಗಿನಿಂದ ಮಧ್ಯಾಹ್ನದವರೆಗಿನ ಊಟವೇ.

ಸುಲ್ತಾನಹ್ಮೆತ್‌ನ ಸುತ್ತಮುತ್ತ, ಅಂದರೆ ಆಯಾ ಸೋಫಿಯಾ ಮತ್ತು ನೀಲಿ ಮಸೀದಿ ನೋಡಲು ಎಲ್ಲರೂ ಹೋಗುವ ಭಾಗದಲ್ಲಿ, ಬೀದಿಯಲ್ಲಿ ನಿಂತು ಕೈಹಿಡಿದು ಒಳಗೆ ಕರೆಯುವ ಹೋಟೆಲುಗಳಿಂದ ದೂರವಿರಬೇಕು ಎಂಬುದು ನನ್ನ ಕಳಕಳಿಯ ಸಲಹೆ. ಅಂಥ ಒಂದು ಜಾಗದಲ್ಲಿ, ಕುಳಿತ ಕೂಡಲೇ ಮಾಣಿ ಸಣ್ಣ ಬಟ್ಟಲುಗಳ ದೊಡ್ಡ ಹರಿವಾಣವನ್ನು ತಂದಿಟ್ಟು ನಗುತ್ತ ಹೋದ. ಕೇಳದೆ ಬಂದ ಪ್ರತಿ ಬಟ್ಟಲಿಗೂ ಬಿಲ್ಲಿನಲ್ಲಿ ಪ್ರತ್ಯೇಕ ಬೆಲೆ ಇತ್ತು. ಊಟ ತಣ್ಣಗಿತ್ತು, ಮೀನು ಹಳೆಯದಾಗಿತ್ತು, ಒಟ್ಟು ಮೊತ್ತ ಒಳ್ಳೆಯ ಲೊಕಾಂತದ ಊಟದ ಹಲವು ಪಟ್ಟು. ಬೆಲೆಪಟ್ಟಿ ಕೇಳಿ ನೋಡಿದ ನಂತರವೇ ಹೇಳಬೇಕು, ಮೀನಿಗೆ ತೂಕದ ಬೆಲೆಯನ್ನು ಮೊದಲೇ ಒಪ್ಪಿಸಿಕೊಳ್ಳಬೇಕು. ಆ ಭಾಗದಲ್ಲೇ ಹಸಿವಾದರೆ, 1920ರಿಂದ ನಡೆಯುತ್ತಿರುವ ಸುಲ್ತಾನಹ್ಮೆತ್ ಕೊಫ್ತೆಜಿಸಿ ಸೆಲಿಮ್ ಉಸ್ತಾದಲ್ಲಿ ಮಾಂಸದ ಉಂಡೆ, ಪಿಯಾಜ್ ಎಂಬ ಬಿಳಿ ಕಾಳಿನ ಸಲಾಡ್, ಉಪ್ಪು ಹಾಕಿದ ಐರಾನ್ ಮಜ್ಜಿಗೆ ತೆಗೆದುಕೊಂಡು ಎದ್ದುಬಿಡಬಹುದು. ಅಥವಾ ಸುಲೇಮಾನಿಯೆ ಮಸೀದಿಯ ಎದುರಿನ ಸಾಲಿಗೆ ನಡೆದರೆ ಬೆಣ್ಣೆ, ಟೊಮೆಟೊ ಹಾಕಿ ಕುದಿಸಿದ ಬಿಳಿ ಕಾಳಿನ ಸಾರೂ ಅನ್ನವೂ ಸಿಗುತ್ತದೆ. ಆ ಕಾಳಿಗೂ ಮಾಂಸ ಸೇರಿಸುವುದುಂಟು, ಕೇಳಿ ತಿಳಿದುಕೊಳ್ಳಬೇಕು.

ಬಟ್ಟೆ ಹಾಸಿದ ಮೇಜಿನ ಮೇಲೆ, ಹಿರಿಯರನ್ನು ಕರೆದುಕೊಂಡು ಕೂತು ಉಣ್ಣಬೇಕೆನ್ನುವವರಿಗೆ ಎರಡು ಜಾಗಗಳಿವೆ. ಮಸಾಲೆ ಮಾರುಕಟ್ಟೆಯ ಹೆಬ್ಬಾಗಿಲ ಮೇಲಿರುವ ಪಾಂದೆಲಿ 1901ರಷ್ಟು ಹಳೆಯ ಹೆಸರು, ಅದರ ನೀಲಿ ಹಂಚಿನ ಗೋಡೆಗಳೇ ನೋಡತಕ್ಕವು. ಅಲ್ಲಿ ಬದನೆಕಾಯಿಯ ಬೊರೆಕ್, ಅಂದರೆ ತೆಳು ಹಿಟ್ಟಿನ ಹಾಳೆಯಲ್ಲಿ ಹೂರಣ ತುಂಬಿ ಬೇಯಿಸಿದ ತಿಂಡಿ, ತರಿಸಿಕೊಳ್ಳಿ. ಬೆಯೊಲುವಿನ ಹಾಜಿ ಅಬ್ದುಲ್ಲಾ 1888ರಷ್ಟು ಹಿಂದಿನದು, ತಂದೆಯಿಂದ ಮಗನಿಗಲ್ಲದೆ ಗುರುವಿನಿಂದ ಶಿಷ್ಯನಿಗೆ ಒಪ್ಪಿಸುತ್ತ ಬಂದ ಊಟದ ಮನೆ ಎಂಬ ಖ್ಯಾತಿ ಅದಕ್ಕಿದೆ. ಗೋಡೆಯುದ್ದಕ್ಕೂ ಹಣ್ಣಿನ ಪಾಕದ ಗಾಜಿನ ಭರಣಿಗಳು ಸಾಲಾಗಿವೆ. ಸುಟ್ಟ ಬದನೆಕಾಯಿಯನ್ನು ಹಾಲು, ಬೆಣ್ಣೆಯಲ್ಲಿ ಮಸೆದು ಅದರ ಮೇಲೆ ಕುರಿಮಾಂಸ ಬಡಿಸುವ ಹುಂಕಾರ್ ಬೆಯೆಂದಿ ಎಂಬ ಅರಮನೆಯಡುಗೆಗೆ ಇಂಥ ಜಾಗವೇ ಸರಿ.

ಬಕ್ಲಾವಕ್ಕೆ ಕರಾಕೊಯ್ ಗುಲ್ಲುವೋಲುವನ್ನು ಬಿಟ್ಟು ಬೇರೆ ಅಂಗಡಿಯನ್ನು ನಾನು ಸೂಚಿಸುವುದಿಲ್ಲ. ಗಾಜಿಯಾಂತೆಪ್ ಮೂಲದ ಮನೆತನ 1949ರಲ್ಲಿ ಇಸ್ತಾಂಬುಲ್‌ಗೆ ತಂದ ಕಸುಬು ಇದು. ಆ ಊರಿನ ಬಕ್ಲಾವಕ್ಕೆ ಯುರೋಪಿಯನ್ ಒಕ್ಕೂಟ 2013ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಕೊಟ್ಟಿತು. ಹಿಂದಿನ ಅಕ್ಷರ ಓದಬಹುದಾದಷ್ಟು ತೆಳುವಾಗಿ ಲಟ್ಟಿಸಿದ ಹಾಳೆಗಳು, ಪೂರ್ತಿ ಬಲಿಯುವ ಮೊದಲೇ ಕೊಯ್ದ ಕಡುಹಸಿರು ಪಿಸ್ತಾ, ಕಾಯಿಸಿದ ತುಪ್ಪ, ಹದವಾದ ಪಾಕ, ಇಷ್ಟೇ ಅದರ ಸಾಮಗ್ರಿ. ಒಳ್ಳೆಯ ಬಕ್ಲಾವವನ್ನು ಪರೀಕ್ಷಿಸುವ ಕ್ರಮವನ್ನು ಅಲ್ಲಿಯ ಜನರಿಂದಲೇ ಕಲಿಯಬೇಕು: ಫೋರ್ಕ್ ಚುಚ್ಚಿದಾಗ ಮೇಲಿನ ಹಾಳೆಗಳು ಸದ್ದು ಮಾಡಬೇಕು, ತುಂಡನ್ನು ತಲೆಕೆಳಗಾಗಿಸಿ ಬಾಯಿಗಿಟ್ಟಾಗ ಪಾಕ ಹೀರಿದ ತಳ ನಾಲಿಗೆಗೆ ತಾಗಬೇಕು, ತಿಂದ ಮೇಲೆ ಗಂಟಲು ಕಟ್ಟಬಾರದು. ಒಳಗೆ ಕೆನೆ ತುಂಬಿದ ತ್ರಿಕೋನದ ಶೊಬಿಯೆತ್ ಅನ್ನೂ ಒಂದು ಸೇರಿಸಿಕೊಳ್ಳಿ. ಡಬ್ಬಿಯಲ್ಲಿ ಕಟ್ಟಿಸಿ ಊರಿಗೆ ತರುವವರು ಕೆನೆಯ ಬಗೆಯನ್ನು ಬಿಟ್ಟು ಒಣ ಬಗೆಯನ್ನು ಆರಿಸಬೇಕು, ಮತ್ತು ಅದನ್ನು ಫ್ರಿಜ್ಜಿನಲ್ಲಿಡಬಾರದು. ಇಟ್ಟರೆ ತುಪ್ಪ ಹೆಪ್ಪುಗಟ್ಟಿ ಹಾಳೆಗಳು ಮೆತ್ತಗಾಗುತ್ತವೆ.

ಬೆಳಗಿನ ತಿಂಡಿಗೆ ಜಿಹಾಂಗಿರ್‌ನ ವಾನ್ ಕಹ್ವಾಲ್ತಿ ಎವಿ ಒಳ್ಳೆಯದು. ದೇಶದ ಪೂರ್ವದಂಚಿನ ವಾನ್ ಸೀಮೆಯ ಸೊಪ್ಪು ಬೆರೆಸಿದ ಚೀಸ್, ಜೇನಿನ ಜೊತೆ ಕಾಯ್ಮಾಕ್, ಹುರಿದ ಗೋಧಿ ಹಿಟ್ಟಿನ ಕಾವುತ್, ಬೆಣ್ಣೆಯಲ್ಲಿ ಹಿಟ್ಟು ಮೊಟ್ಟೆ ಹುರಿದ ಮುರ್ತುಗಾ ಎಲ್ಲವೂ ಒಟ್ಟಿಗೆ ಮೇಜು ತುಂಬುತ್ತವೆ. ವಾರಾಂತ್ಯದಲ್ಲಿ ಬೇಗ ಹೋಗಬೇಕು.

ಚಳಿಗಾಲದಲ್ಲಿ ಹೋದವರಿಗೆ ಇನ್ನೊಂದು ಅಂಗಡಿ ಉಳಿದಿದೆ, ವೆಫಾ ಬೋಜಾಜಿಸಿ. 1876ರಿಂದ ಅದೇ ಬಡಾವಣೆಯಲ್ಲಿ, ಅಮೃತಶಿಲೆಯ ಕಟ್ಟೆಯ ಹಿಂದೆ ನಿಂತು ಬೋಜಾ ಮಾರುತ್ತಾರೆ. ಕಿರುಧಾನ್ಯವನ್ನು ಬೇಯಿಸಿ, ಸೋಸಿ, ಸಕ್ಕರೆ ಬೆರೆಸಿ ಹುದುಗಿಸಿದ ಪಾನೀಯ ಅದು. ಹುಳಿ ಬಂದ ರಾಗಿ ಅಂಬಲಿ ಕುಡಿದು ಬೆಳೆದವರ ನಾಲಿಗೆಗೆ ಅದರ ಹುಳಿ ಕೂಡಲೇ ಗುರುತು ಸಿಗುತ್ತದೆ, ಆದರೆ ಇದು ಸಿಹಿ ಮತ್ತು ಚಮಚದಲ್ಲಿ ತಿನ್ನುವಷ್ಟು ಗಟ್ಟಿ. ಹುದುಗಿಸಿದ್ದಾದ್ದರಿಂದ ಮದ್ಯಸಾರದ ಅಂಶ ಅತ್ಯಲ್ಪವಾಗಿ ಇರುತ್ತದೆ, ಅದು ಬೇಡವೆನ್ನುವವರು ತಿಳಿದಿರಲಿ. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ಕೊಡುತ್ತಾರೆ. ಹುರಿದ ಕಡಲೆಯನ್ನು ಬೀದಿಯಾಚೆಯ ಅಂಗಡಿಯಲ್ಲಿ ಬಿಸಿಯಾಗಿ ಕೊಂಡು ಲೋಟಕ್ಕೆ ಹಾಕಿಕೊಳ್ಳುವುದು ವಾಡಿಕೆ. ತುರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ 1937ರಲ್ಲಿ ಬಂದಾಗ ಕುಡಿದ ಲೋಟವನ್ನು ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸುಲೇಮಾನಿಯೆಯಿಂದ ಇಳಿದು ಇಲ್ಲಿಗೆ ಬರುವುದು ಕೆಲವೇ ನಿಮಿಷದ ದಾರಿ, ಆದ್ದರಿಂದ ಮಧ್ಯಾಹ್ನದ ಕಾಳಿನ ಊಟ, ಮಸೀದಿಯ ದರ್ಶನ, ಬೋಜಾ ಈ ಮೂರನ್ನೂ ಒಂದೇ ದಿನಕ್ಕೆ ಸೇರಿಸಿಕೊಳ್ಳಬಹುದು. ರಂಜಾನ್ ತಿಂಗಳಲ್ಲಿ ಮಾತ್ರ ಹಳೆಯ ಲೊಕಾಂತಗಳಲ್ಲಿ ಕೆಲವು ಹಗಲು ಬಾಗಿಲು ಮುಚ್ಚುತ್ತವೆ, ಹಲವು ಭಾನುವಾರ ರಜೆ ಇಡುತ್ತವೆ; ಪ್ರಯಾಣದ ದಿನ ಗೊತ್ತುಮಾಡುವಾಗಲೇ ಇದನ್ನು ವಿಚಾರಿಸಿಕೊಂಡು, ಏಷ್ಯಾ ದಡದ ಎರಡು ಊಟಗಳಿಗೆ ಬೇರೆಬೇರೆ ಎರಡು ಮಧ್ಯಾಹ್ನಗಳನ್ನು ಪೂರ್ತಿಯಾಗಿ ಬಿಟ್ಟುಕೊಳ್ಳಬೇಕು.